ಬೇರೆಯವರ ವ್ಯಾನಿನಲ್ಲಿ ಅರ್ಧ ಗಂಟೆ

ಹದಿನಾರು ವರ್ಷ ಸಂಸಾರ ಮಾಡಿದ ಮೇಲೂ ನನಗೆ ನನ್ನ ಗಂಡನ ಫೋನ್ ನಂಬರ್ ಬಾಯಿಗೆ ಬರುವುದಿಲ್ಲ. ದಾವಣಗೆರೆಯ ತವರುಮನೆಯಲ್ಲಿ ಎಂದೋ ತೆಗೆಸಿಹಾಕಿದ ಲ್ಯಾಂಡ್‌ಲೈನ್ ನಂಬರ್ ನೆನಪಿದೆ. ನಾವೀಗಿರುವ ಈ ಪರದೇಶದ ಹ್ಯಾಮಿಲ್ಟನ್ನಿನ ಆಸ್ಪತ್ರೆಯಲ್ಲಿ ನಾನು ದುಡಿಯುವ ವಾರ್ಡಿನ ನಂಬರನ್ನು ನಿದ್ದೆಯಲ್ಲೂ ಹೇಳಬಲ್ಲೆ. ಗಂಡನದು ಬೇಕಾದೀತೆಂದು ಅನ್ನಿಸಿರಲೇ ಇಲ್ಲ. ಅವರು ಯಾವಾಗಲೂ ಪಕ್ಕದಲ್ಲೇ ಇರುತ್ತಾರಲ್ಲ!

ಕಳೆದ ಬೇಸಿಗೆಯಲ್ಲಿ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ಪೊರಿರುವಾದ ಸ್ನೇಹಿತರ ಮನೆಗೆ ಹೊರಟಿದ್ದೆವು. ಒಳಗೇ ಹಾಸಿಗೆ, ಒಲೆ, ಪುಟ್ಟದೊಂದು ಟಾಯ್ಲೆಟ್. ಅದರ ಟ್ಯಾಂಕನ್ನು ಮಾತ್ರ ನಾವೇ ಹೊತ್ತೊಯ್ದು ಸುರಿದು ಬರಬೇಕು. ಎರಡನೆಯ ಬೆಳಿಗ್ಗೆ ನನ್ನ ಗಂಡ ಸುರೇಶ್ ಮೂಗು ಮುಚ್ಚಿಕೊಂಡು, "ನೀನೇ ಸುರಿದ್ಬಿಡು ಕಣೆ. ನರ್ಸಲ್ವಾ, ನಿಂಗೆ ಅಭ್ಯಾಸ ಇರತ್ತೆ" ಎಂದರು.

ಸುರಿದು ಬಂದೆ. ಮಾತು ನಿಲ್ಲಿಸಿದೆ. ಹಿಂದಿನ ಸೀಟಿನಲ್ಲಿ ಕೂತು, ಡ್ರೈವರಿಗೂ ನನಗೂ ನಡುವಿನ ಪರದೆ ಎಳೆದುಬಿಟ್ಟೆ.

ಟೌಪೋ ಸರೋವರದ ದಂಡೆಯಲ್ಲಿ ವ್ಯಾನ್ ನಿಂತಾಗ ಸುರೇಶರಿಗೆ ಹೇಳದೆಯೇ ಇಳಿದು ಸಾರ್ವಜನಿಕ ಶೌಚಾಲಯಕ್ಕೆ ಹೋದೆ. ಆ ಟ್ಯಾಂಕಿಗೆ ನನ್ನಿಂದ ಇನ್ನೊಂದು ತೊಟ್ಟೂ ಸೇರಬಾರದೆಂಬ ಹಟ. ವಾಪಸು ಬಂದು ಬಾಗಿಲು ಸರಿಸಿ, ಕೂತು, ಬೆಲ್ಟ್ ಬಿಗಿದು, ಪರದೆ ಎಳೆದು, ಬಾಡಿಗೆ ಕಂಪನಿಯ ನೀಲಿ ಹೊದಿಕೆಯನ್ನು ಮುಸುಕು ಹಾಕಿಕೊಂಡೆ. ವಾರವಿಡೀ ಡ್ಯೂಟಿ ಮಾಡಿದ್ದವಳಿಗೆ ತಕ್ಷಣ ನಿದ್ದೆ.

ಎಚ್ಚರವಾದಾಗ ವ್ಯಾನ್ ಎಲ್ಲೋ ನಿಂತಿತ್ತು. ಬಾಗಿಲು ಸರಿಯಿತು. ಬೆಳ್ಳಿಗೂದಲಿನ, ಚಡ್ಡಿ ತೊಟ್ಟ ಹಿರಿಯರೊಬ್ಬರು ಎರಡು ಮಗ್ ಹಿಡಿದು ನಿಂತಿದ್ದರು. ನನ್ನನ್ನು ನೋಡಿ "ಓ, ಸಾರಿ" ಎಂದು ಮೆಲ್ಲಗೆ ಬಾಗಿಲು ಮುಚ್ಚಿದರು. ಆಮೇಲೆ ಒಂದು ಸುತ್ತು ಹಾಕಿ ನಂಬರ್ ಪ್ಲೇಟ್ ಓದಿದ್ದು ಕಿಟಕಿಯಿಂದ ಕಂಡಿತು. ಪಾಪ, ವಯಸ್ಸಾಗಿದೆ, ಗಾಡಿ ಗುರುತು ಸಿಗುತ್ತಿಲ್ಲ ಎಂದು ಮರುಗಿದೆ. ಅಷ್ಟರಲ್ಲಿ ಒಲೆಯತ್ತ ಕಣ್ಣು ಹೋಯಿತು. ನಮ್ಮ ಕುಕ್ಕರ್ ಇರಲಿಲ್ಲ. ಮೂಲೆಯಲ್ಲಿ ಎರಡು ಮೀನಿನ ಗಾಳಗಳಿದ್ದವು. ಅದೇ ಕಂಪನಿಯ, ನಮ್ಮದರಂತೆಯೇ ಇರುವ ಇನ್ನೊಂದು ವ್ಯಾನ್ ಹತ್ತಿ ಕೂತಿದ್ದೆ.

"ಯು ಆಲ್‌ರೈಟ್, ಲವ್?" ಎಂದು ಅವರ ಹೆಂಡತಿ ಮಾರ್ಗರೆಟ್ ಇಣುಕಿದರು. ಆಲ್‌ರೈಟ್ ಹೌದೋ ಅಲ್ಲವೋ ನನಗೇ ತಿಳಿಯದು. ತಮಗೆಂದು ಫ್ಲಾಸ್ಕಿನಿಂದ ಬಗ್ಗಿಸಿದ್ದ ಚಹಾ ನನಗೆ ಕೊಟ್ಟು, ಫೋನನ್ನೂ ಕೊಟ್ಟರು. ನನ್ನ ಫೋನ್ ಸೈಲೆಂಟಿನಲ್ಲಿ ನಮ್ಮ ವ್ಯಾನಿನಲ್ಲೇ ಉಳಿದಿತ್ತು. ಗಂಡನ ನಂಬರಿನ ಮೊದಲ ಮೂರು ಅಂಕಿಯಾಚೆಗೆ ಕತ್ತಲೆ. ಕೊನೆಗೆ ವಾರ್ಡಿಗೇ ಮಾಡಿದೆ. ಜೊತೆಗೆ ಕೆಲಸ ಮಾಡುವ ಮಂಗಳೂರಿನ ರೇಷ್ಮಾ ಸಿಕ್ಕಳು. ಅವಳಲ್ಲಿ ಸುರೇಶರ ನಂಬರ್ ಇತ್ತು.

ಐದು ನಿಮಿಷದಲ್ಲಿ ವಾಪಸು ಫೋನ್ ಮಾಡಿದಳು. "ಎಂಥದು ಅಕ್ಕಾ ಇದು! ನಾನು ಹೇಳಿದ್ರೆ ನಂಬುದೇ ಇಲ್ಲ. 'ಮೆಲ್ಲಗೆ ಮಾತಾಡಮ್ಮ, ಅವಳು ಹಿಂದೆ ಮಲಗಿದಾಳೆ' ಅಂತಾರೆ!"

"ಗಾಡಿ ನಿಲ್ಲಿಸಿ ಪರದೆ ಸರಿಸೋಕೆ ಹೇಳು."

ಎರಡನೆಯ ಸಲ ಅವಳ ದನಿ ಇಳಿದಿತ್ತು. "ನೋಡಿದ್ರು ಅಕ್ಕ. ಸೀಟಿನ ಅಡಿಗೂ ಬಗ್ಗಿ ನೋಡಿದ್ರಂತೆ. ಟುರಾಂಗಿಯಲ್ಲಿ ಪೆಟ್ರೋಲ್ ಬಂಕ್ ಹತ್ರ ಇದ್ದಾರಂತೆ."

ದಂಪತಿಗಳೇ ಅಲ್ಲಿಗೆ ಕರೆದೊಯ್ದರು. ಸುರೇಶ್ ಬಿಳಿಚಿಕೊಂಡು ರಸ್ತೆಯಲ್ಲೇ ನಿಂತಿದ್ದರು. ದಂಪತಿಗಳಿಗೆ ಕೈಬೀಸಿ, ನಾವಿಬ್ಬರೂ ನಮ್ಮ ವ್ಯಾನಿನ ಮುಂದಿನ ಸೀಟುಗಳಲ್ಲಿ ಕೂತ ಮೇಲೂ ಸುರೇಶ್ ಇಂಜಿನ್ ಶುರು ಮಾಡಲಿಲ್ಲ.

"ಟೌಪೋದಿಂದ ಮಾತಾಡ್ತಾನೇ ಇದ್ದೆ ಕಣೆ" ಎಂದರು ಕೊನೆಗೆ. "ಬೆಳಿಗ್ಗೆ ಹಾಗಂದಿದ್ದಕ್ಕೆ. ನಿನ್ನ ಕೆಲಸದ ಬಗ್ಗೆ. ಎಲ್ಲಾ ಹೇಳ್ದೆ. ಉತ್ತರ ಬರ್ಲಿಲ್ಲ, ಅಳ್ತಿದೀಯ, ಆಮೇಲೆ ಹಾಗೇ ಮಲಗಿಬಿಟ್ಟೆ ಅಂದ್ಕೊಂಡೆ."

"ಇನ್ನೊಂದ್ಸಲ ಹೇಳಿ."

"ಮುಖ ನೋಡ್ಕೊಂಡು ಬರಲ್ಲ."

ಹದಿನಾರು ವರ್ಷಗಳಲ್ಲಿ ಅವರಾಡಿದ ಅತ್ಯುತ್ತಮ ಮಾತುಗಳನ್ನು ಖಾಲಿ ಸೀಟೊಂದು ಕೇಳಿಸಿಕೊಂಡಿತ್ತು. ಸಿಟ್ಟು ಮಾಡಲೋ ನಗಲೋ ತಿಳಿಯದೆ ಇಳಿದು, ಹಿಂದಕ್ಕೆ ಹೋಗಿ ಕೂತು, ಪರದೆ ಎಳೆದು, "ಹೂಂ, ಈಗ ಹೇಳ್ರೀ" ಎಂದೆ.

ಪರದೆಯಾಚೆಯಿಂದ ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.