ತಂತಿಯೊಳಗಿನ ಬದು

ಬೆಣಚಿಕೊಪ್ಪದಲ್ಲಿ ಹನಮವ್ವನ ಎದುರು ಮಿಲಿಟರಿ ಎಂಬ ಶಬ್ದ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಎತ್ತಿದವನು ಏಳು ತಲೆಮಾರಿನ ಜನ್ಮ ಜಾಲಾಡಿಸಿಕೊಂಡೇ ಮನೆಗೆ ಹೋಗಬೇಕಾಗುತ್ತಿತ್ತು. ಊರಿನ ಹೊರಗೆ ಕಾಡಿನಂಚಿಗೆ ಹಾಕಿದ್ದ ಮುಳ್ಳುತಂತಿಯೇ ಅದಕ್ಕೆ ಕಾರಣ. ಅದರೊಳಗೆ ಆಕೆಯ ಹೊಲವಿತ್ತು.

ಆಕೆ ಮದುವೆಯಾಗಿ ಬಂದ ಮರುವರ್ಷ. ಎರಡನೆಯ ಮಹಾಯುದ್ಧದ ಕಾಲ. ಸಿಪಾಯಿಗಳಿಗೆ ಕಾಡಿನ ಲಡಾಯಿ ಕಲಿಸಲು ಜಾಗ ಬೇಕೆಂದು ತಾಲೂಕಿನ ಮಾಮಲೇದಾರನೇ ಬಂದು ಊರವರನ್ನು ಕೂಡಿಸಿದ. ಹನಮವ್ವನ ಮಾವ ಎದ್ದು ನಿಂತು ಕೇಳಿದ.

"ಲಡಾಯಿ ಎಲ್ಲಿ ನಡದೈತ್ರಿ ಸಾಹೇಬ್ರ?"

"ಬರ್ಮಾದಾಗ."

"ಹಂಗಾರ ಅಲ್ಲೇ ಹೋಗಿ ಬಡದಾಡ್ರಿ. ನನ್ನ ಭತ್ತದಾಗ ಏನೈತಿ?"

ಮಾಮಲೇದಾರ ನಕ್ಕ. ಲಡಾಯಿ ಮುಗಿದ ಮರುದಿನವೇ ಹೊಲ ನಿಮ್ಮದು ಅಂದ. ಸಂಜೆಗೆಲ್ಲ ತೆನೆ ಬಿಟ್ಟ ಭತ್ತದ ಮೇಲೆ ಟ್ರಕ್ಕುಗಳು ಹಾಯ್ದವು. ಹೊಲಹೊಲದ ಗಡಿಕಲ್ಲುಗಳನ್ನು ಕಿತ್ತು, ಒಡೆದು, ರಸ್ತೆಗೆ ಹಾಸಿದರು.

ಲಡಾಯಿ ಮುಗಿಯಿತು. ಬಿಳಿಯರು ಹೋದರು, ಬಾವುಟ ಬದಲಾಯಿತು, ತಂತಿ ಮಾತ್ರ ಬದಲಾಗಲಿಲ್ಲ. ಮಾವ ಅರ್ಜಿ ಹಿಡಿದು ಓಡಾಡಿ ಸತ್ತ. ಗಂಡ ಭರಮಪ್ಪ ಮಾತಿಗೆ ಬಡವ. ಕಂಡವರ ಹೊಲದಲ್ಲಿ ದುಡಿದೇ ಮುದುಕನಾಗಿ ಅವನೂ ಹೋದ. ಒಳಗೆ ಸಿಪಾಯಿಗಳು ಕಡಿಮೆಯಾಗುತ್ತ ಬಂದು ಕೊನೆಗೆ ಉಳಿದವರು ಇಬ್ಬರು ಕಾವಲುಗಾರರು. ಅವರನ್ನು ಬುಟ್ಟಿಗೆ ಹಾಕಿಕೊಂಡವನು ಊರ ಹಿರಿಯನೆನಿಸಿಕೊಂಡ ಶಿದ್ಲಿಂಗಪ್ಪ. ಮೊದಲು ಹುಲ್ಲು ಕೊಯ್ದ, ಆಮೇಲೆ ಪಂಪು ಕೂರಿಸಿದ, ನೋಡನೋಡುತ್ತ ದೇಶರಕ್ಷಣೆಯ ಜಾಗದಲ್ಲಿ ಕಬ್ಬು ಎದ್ದು ನಿಂತಿತು.

"ದೇಶಕ್ಕ ಕೊಟ್ಟೀನಿ ಅಂತ ಹೊಟ್ಟಿ ಕಟ್ಟಿಕೊಂಡು ಸುಮ್ಮನಿದ್ದೆ. ಈ ಭಾಡ್ಯಾನ ಕಬ್ಬಿಗೆ ನಾ ಯಾವಾಗ ಕೊಟ್ಟೆ?" ಎಂದು ಹನಮವ್ವ ಬಾವಿಕಟ್ಟೆಯ ಮೇಲೆ ನಿಂತು ಕೇಳಿದಳು. ಶಿದ್ಲಿಂಗಪ್ಪನಿಗೆ ನಾಚಿಕೆಯಿದ್ದರೆ ತಾನೆ? ಕಬ್ಬಿನಲ್ಲಿ ಕಸ ತೆಗೆಯಲು ಕೂಲಿಗೆ ಬಾ ಎಂದು ಆಕೆಗೇ ಹೇಳಿಕಳಿಸಿದ.

ಹೇಳಲು ಬಂದ ಆಳಿಗೆ ಆಕೆ ಅಂದಳು: "ಮದಲ ನಾ ಅವನ ಮನಿ ಅಂಗಳದಾಗ ಕಬ್ಬು ಹಚ್ಚತೀನಿ. ಕಸ ತೆಗಿಯಾಕ ಅವನ ಹೇಣ್ತೀನ್ನ ಕಳಸಂತ ಹೇಳು."

ವರ್ಷಕ್ಕೊಮ್ಮೆ ಸೀಗಿ ಹುಣ್ಣಿಮೆಗೆ ಊರಿನವರು ತಂತಮ್ಮ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಬಸುರಿ ಭೂಮಿತಾಯಿಗೆ ಬಯಕೆಯ ಊಟ. ಹನಮವ್ವ ತಂತಿಯ ಹೊರಗೇ ಕೂತು ಪೂಜೆ ಮಾಡುತ್ತಿದ್ದಳು. ಪಾಂಡವರೆಂದು ಐದು ಕಲ್ಲಿಗೆ ಸುಣ್ಣ ಹಚ್ಚಿ ಇಡುವುದು, ಅವರ ಬೆನ್ನ ಹಿಂದೆ ಕಳ್ಳನೆಂದು ಒಂದು ಕಲ್ಲು. ಈ ಕಳ್ಳನ ಕಲ್ಲನ್ನು ಆಕೆ ಒಂದು ವರ್ಷ ಬಿಳಿಯನ ಹೆಸರಿನಲ್ಲಿ, ಒಂದು ವರ್ಷ ಶಿದ್ಲಿಂಗಪ್ಪನ ಹೆಸರಿನಲ್ಲಿ ಇಟ್ಟು, ಕಡುಬು ಹೋಳಿಗೆಯನ್ನು ತಂತಿಯ ಮೇಲಿಂದ ಒಳಕ್ಕೆ ಎಸೆದು ಬರುತ್ತಿದ್ದಳು.

ಅದೇ ಹೊತ್ತಿಗೆ ತುಸು ದೂರದಲ್ಲಿ ಹಸನಸಾಬನೂ ಬಂದು ನಿಂತು ತಂತಿಯೊಳಗಿನ ತನ್ನ ಹೊಲ ನೋಡುತ್ತಿದ್ದ. ಇಬ್ಬರದೂ ಬಾಜೂಬಾಜು ಹೊಲ. ಆದರೆ ಮಾತಿಲ್ಲ, ಕತೆಯಿಲ್ಲ. ಮಿಲಿಟರಿ ಬರುವ ಮುಂಚಿನ ವರ್ಷ ಈಕೆಯ ಮಾವ ಮತ್ತು ಅವನ ಅಪ್ಪ ನಡುವಿನ ಬದುವಿಗಾಗಿ ಬಡಿಗೆಯಲ್ಲಿ ಬಡಿದಾಡಿದ್ದರು. ಎರಡು ಸಾಲು ಅತ್ತ, ಎರಡು ಸಾಲು ಇತ್ತ, ಅಷ್ಟೇ ಜಗಳ. ಹೊಲ ಹೋಗಿ ನಾಲ್ವತ್ತು ವರ್ಷವಾದರೂ ಬದುವಿನ ಸಿಟ್ಟು ಎರಡೂ ಮನೆಯಲ್ಲಿ ಹಾಗೇ ಇತ್ತು. ಕಾಲಿಡಲು ಬಾರದ ನೆಲಕ್ಕಾಗಿ ಮಜ್ಜಿಗೆ ಕೊಡುವುದು, ಕಿಚ್ಚು ಕೊಡುವುದು ಕೂಡ ಬಂದ್. ಇಂಥ ಮಂದಿಗೆ ಏನನ್ನಬೇಕು?

ಎಂಬತ್ನಾಲ್ಕರಲ್ಲಿ, ಸೀಗಿ ಹುಣ್ಣಿಮೆ ಹತ್ತಿರವಿರುವಾಗ, ಮಿಲಿಟರಿ ಜಾಗ ಬಿಟ್ಟುಕೊಡುತ್ತದೆಂಬ ಸುದ್ದಿ ಬಂತು. ಹಕ್ಕು ತೀರ್ಮಾನಿಸಲು ಒಬ್ಬ ಅಧಿಕಾರಿಯೂ ಸರಪಳಿ ಹಿಡಿದ ಮೋಜಣಿದಾರನೂ ಬಂದರು.

"ಗಡಿಕಲ್ಲುಗಳಿಲ್ಲ. ಅಕ್ಕಪಕ್ಕದ ಹೊಲದವರು ಸೇರಿ ನಡುವಿನ ಬದು ತೋರಿಸಿ," ಎಂದ ಅಧಿಕಾರಿ. "ಇಬ್ಬರದೂ ಒಂದೇ ಮಾತಾದರೆ ಇವತ್ತೇ ಅಳೆದುಕೊಡುತ್ತೇನೆ."

ಒಬ್ಬೊಬ್ಬರದಾಗಿ ಹೊಲಗಳು ಬಿಡುಗಡೆಯಾದವು. ಜನ ಮಣ್ಣು ಎತ್ತಿ ಹಣೆಗೆ ಹಚ್ಚಿಕೊಂಡರು. ಸರದಿ ಹನಮವ್ವನಿಗೆ ಬಂತು. ಆಕೆ ದಡದಡ ಹೋಗಿ ಕಬ್ಬಿನ ನಡುವೆ ನಿಂತಳು. "ಇಲ್ಲೇರಿ ಬದು."

ಹಸನಸಾಬ ಎರಡು ಸಾಲು ಈಚೆಗೆ ಬಂದು ಊರುಗೋಲು ಊರಿದ. "ಸುಳ್ಳರಿ. ಇಲ್ಲಿ."

"ಯಾರಿಗೆ ಸುಳ್ಳ ಅಂತಿ? ನಿಮ್ಮಪ್ಪ ಕದ್ದ, ಈಗ ನೀ ಬಂದಿ!"

"ನಿನ್ನ ಮಾವ ಮುರದ ಕೈ ಹಂಗ ಹಿಡಕೊಂಡ ಸತ್ತ ನಮ್ಮಪ್ಪ! ಬಿಡೂದಿಲ್ಲ ನಾ."

ಶಿದ್ಲಿಂಗಪ್ಪ ಎಲೆ ಅಡಿಕೆ ಜಗಿಯುತ್ತ ಅಲ್ಲೇ ನಿಂತಿದ್ದ. "ಹಿರ್ಯಾರ ಮಾತು ಬಿಡಬ್ಯಾಡವಾ ಹನಮವ್ವ," ಅಂದ. ಇತ್ತ ತಿರುಗಿ, "ಹಸನಸಾಬ, ನಿಂದೂ ಖರೇನ ಬಿಡೋ," ಅಂದ. ಈ ಇಬ್ಬರು ದಡ್ಡರು ಇನ್ನಷ್ಟು ಏರಿದರು. ಆಕೆ ಮಣ್ಣು ಎರಚಿದಳು, ಅವನು ಕೋಲು ಎತ್ತಿದ. ಅಧಿಕಾರಿ ಗಡಿಯಾರ ನೋಡಿಕೊಂಡ.

"ತಕರಾರಿರುವ ಜಮೀನು. ಕೋರ್ಟಿಗೆ ಹೋಗಿ. ಅಲ್ಲಿಯವರೆಗೆ ಯಾರ ವಶದಲ್ಲಿದೆಯೋ ಅವರ ವಶದಲ್ಲೇ ಇರಲಿ."

ಜೀಪು ಹೋಯಿತು. ಶಿದ್ಲಿಂಗಪ್ಪ ಎಲೆಯ ರಸ ಉಗುಳಿ, ಪಂಪು ಚಾಲೂ ಮಾಡಲು ಆಳಿಗೆ ಹೇಳಿದ.

ಹುಣ್ಣಿಮೆಯ ದಿನ ಊರೆಲ್ಲ ಬುಟ್ಟಿ ಹೊತ್ತು ಬಿಡುಗಡೆಯಾದ ಹೊಲಗಳಿಗೆ ಹೋಯಿತು. ತಂತಿ ಉಳಿದದ್ದು ಎರಡೇ ಹೊಲಗಳ ಸುತ್ತ. ಹನಮವ್ವ ಅದರ ಹೊರಗೆ ಕೂತು ಐದು ಕಲ್ಲಿಟ್ಟಳು. ಆರನೆಯದನ್ನು, ಕಳ್ಳನ ಕಲ್ಲನ್ನು, ಕೈಯಲ್ಲಿ ಹೊರಳಿಸಿ ಹೊರಳಿಸಿ ನೋಡಿದಳು. ಈ ಸಲ ಯಾರನ್ನು ಬೈದರೂ ಸಿಟ್ಟು ಆರುವಂತಿರಲಿಲ್ಲ.

ಹಸನಸಾಬ ದೂರದಿಂದ ನೋಡುತ್ತಿದ್ದ. ನಿಧಾನಕ್ಕೆ ಹತ್ತಿರ ಬಂದ.

"ಯಾರ ಹೆಸರ್ಲೆ ಇಡತೀ ಹನಮಕ್ಕ?"

ನಾಲ್ವತ್ತು ವರ್ಷದ ಮೇಲೆ ಬೈಗುಳವಲ್ಲದ ಮೊದಲ ಮಾತು. ಆಕೆ ಕಲ್ಲನ್ನು ಪಾಂಡವರ ಬೆನ್ನ ಹಿಂದೆ ಇಟ್ಟಳು.

"ನನ್ನ ಹೆಸರ್ಲೆ. ನಮ್ಮ ಹೊಲಾ ನಾನ ಕಳಕೊಂಡೆ."

ಅವನು ಬಗ್ಗಿ ಇನ್ನೊಂದು ಕಲ್ಲು ಆಯ್ದು ಅದರ ಬಾಜೂ ಇಟ್ಟ. "ಇದು ನಂದು. ನೀ ಒಬ್ಬಾಕೀನ ಯಾಕ ಹೊರತಿ?"

ಹನಮವ್ವ ಎದ್ದಳು. ಒಂದು ಹೋಳಿಗೆ ಅವನ ಕೈಗೆ ಕೊಟ್ಟಳು. ಆಮೇಲೆ ಅಂಗೈ ತುಂಬುವಂಥ ಮತ್ತೊಂದು ಕಲ್ಲು ಹುಡುಕಿದಳು. ಅದನ್ನು ಸಾಲಿನಲ್ಲಿ ಇಡಲಿಲ್ಲ. ಸೆರಗು ಸಿಗಿಸಿಕೊಂಡು, ಮೈಯ ಬಲವೆಲ್ಲ ಕೂಡಿಸಿ, ತಂತಿಯ ಮೇಲಿಂದ ಕಬ್ಬಿನೊಳಕ್ಕೆ ಬೀಸಿ ಒಗೆದಳು. ಪಂಪಿಗೆ ಬಡಿದು ಠಣ್ ಎಂದಿತು.

"ಯಾವಂವಲೇ ಅಂವಾ?" ಒಳಗಿನಿಂದ ಶಿದ್ಲಿಂಗಪ್ಪ ಕೂಗಿದ.

"ಹೊಲದವರು!" ಎಂದು ಇಬ್ಬರೂ ಒಟ್ಟಿಗೆ ಕೂಗಿದರು. ಹಸನಸಾಬ ಆಗಲೇ ಬಗ್ಗಿ ಒಗೆಯಲು ತನಗೊಂದು ಕಲ್ಲು ಹುಡುಕುತ್ತಿದ್ದ.