ಜಗಲಿಯ ಮೇಲಿನ ತಾತ್ಸಾರ

ಬನ್ನಿ ಎನ್ನಲಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ. ಜಗಲಿಯ ಮೇಲೆ ಒಂದು ಚೆಂಬು ನೀರನ್ನೂ ತಟ್ಟೆಯಲ್ಲಿ ಒಂದು ತುಂಡು ಬೆಲ್ಲವನ್ನೂ ಇಟ್ಟು ಮೋನಪ್ಪ ಗೌಡರು ಒಳಗೆ ಹೋಗಿಬಿಟ್ಟರು. ಕನ್ನಡ ನಾಡು ಒಂದಾದ ಮೇಲೆ ಗದಗಿನಿಂದ ಐವರ್ನಾಡಿಗೆ ಶಿಕ್ಷಕನಾಗಿ ಬಂದ ನನಗೆ ದೊರೆತ ಮೊದಲ ಸತ್ಕಾರವದು. ಇಂದಿಗೂ ಮರೆತಿಲ್ಲ.

ನಾನು ಹೋದದ್ದು ಅವರ ಖಾಲಿ ಮನೆಯನ್ನು ಬಾಡಿಗೆಗೆ ಕೇಳಲು. ವಾರದ ಕೊನೆಗೆ ನನ್ನ ಹೆಂಡತಿ ಕೈಗೂಸಿನೊಂದಿಗೆ ಪುತ್ತೂರಿನಲ್ಲಿ ಬಸ್ಸಿಳಿಯುವವಳಿದ್ದಳು. ಊರಿನಲ್ಲಿ ಬಾಡಿಗೆಗೆ ಬೇರೆ ಮನೆಯೇ ಇರಲಿಲ್ಲ.

ನಮ್ಮ ಕಡೆಯ ರೀತಿಯನ್ನು ನೀವು ಬಲ್ಲಿರಿ. ಬಂದವರನ್ನು ಮೊದಲು ಮಾತು ಎದುರುಗೊಳ್ಳುತ್ತದೆ, ಅದರ ಹಿಂದೆಯೇ ಕಾಲಿಗೆ ನೀರು. ಇಲ್ಲಿ ಮಾತಿಲ್ಲದೆ ನೀರು ಬಂದಿತ್ತು. ಮೆಟ್ಟಿಲ ಬಳಿ ಹೋಗಿ ಆ ನೀರಿನಲ್ಲಿ ಕ್ರಮವಾಗಿ ಕಾಲು ತೊಳೆದೆ. ಬೆಲ್ಲವನ್ನು ಮುಟ್ಟಲಿಲ್ಲ, ಕೊಟ್ಟವರು ಬಾಯಿಬಿಟ್ಟು ಹೇಳದೆ ತಿನ್ನುವುದು ಮರ್ಯಾದೆಯಲ್ಲ.

ಹೊರಗೆ ಬಂದ ಗೌಡರ ಮುಖ ಕಪ್ಪಿಟ್ಟಿತು.

“ಎಂತ ಮಾರಾಯ್ರೆ, ಕುಡಿಯುವ ನೀರಲ್ಲಿ ಕಾಲು ತೊಳೆದದ್ದಾ? ಬೆಲ್ಲವನ್ನೂ ಮುಟ್ಟಲಿಲ್ಲ. ನಮ್ಮ ಮನೆ ಅಂದ್ರೆ ಅಷ್ಟು ತಾತ್ಸಾರ ಉಂಟಾ ನಿಮಗೆ?”

ತಾತ್ಸಾರವೆಂದರೆ ಎದುರಿಗಿದ್ದವರನ್ನು ಲೆಕ್ಕಕ್ಕೇ ಇಡದಿರುವುದು. ನನ್ನನ್ನು ಲೆಕ್ಕಕ್ಕಿಡದವರು ಆ ಪದವನ್ನು ನನ್ನ ಮೇಲೆಯೇ ಎಸೆದಿದ್ದರು! ಮನೆ ಕೈತಪ್ಪಿತೆಂದು ತಿಳಿದರೂ ಸುಮ್ಮನಿರಲಾಗಲಿಲ್ಲ.

“ತಾತ್ಸಾರ ಮಾಡಿದವರು ನೀವರೀ! ಮನಿಗೆ ಬಂದವರಿಗೆ ‘ಬರ್ರಿ’ ಅಂತ ಒಂದು ಮಾತು ಬ್ಯಾಡೇನ್ರಿ?”

“ಬರುದು ಬೇಡಾಂತಿದ್ರೆ ಬೆಲ್ಲ ಯಾಕೆ ಇಡುದು?” ಗೌಡರು ನಿಜವಾಗಿಯೂ ಬೆರಗಾಗಿದ್ದರು.

ಬಾಗಿಲ ಮರೆಯಲ್ಲಿ ಅವರ ಪತ್ನಿ ಬಾಲಕ್ಕ ನಕ್ಕರು. “ಮಾಷ್ಟ್ರು ಪಾಪ, ಘಟ್ಟದ ಮೇಲಿನವರು. ಇನ್ನೊಂದು ಚೆಂಬು ನೀರು ಕೊಟ್ರೆ ನಮ್ಮ ಬಾವಿ ಬತ್ತುದಿಲ್ಲ.”

ಎರಡನೆಯ ಚೆಂಬು ಬಂತು. ಬೆಲ್ಲ ಕಚ್ಚಿ ನೀರು ಕುಡಿದೆ. ಗೌಡರು ಬಾಡಿಗೆ ಮನೆಯ ಬೀಗದ ಕೈಯನ್ನು ತಂದು ಚೆಂಬಿನ ಪಕ್ಕದಲ್ಲಿಟ್ಟರು. ಆಗಲೂ ಒಂದು ಮಾತಿಲ್ಲ!

ಆ ಮನೆಯಲ್ಲಿ ಹಲವು ವರ್ಷ ಇದ್ದೆವು. ಮಗುವಿಗೆ ಜ್ವರ ಏರಿದಾಗ ಸುರಿಯುವ ಮಳೆಯಲ್ಲಿ ಸುಳ್ಯಕ್ಕೆ ಹೋಗಿ ವೈದ್ಯರನ್ನು ಕರೆತಂದವರು ಗೌಡರೇ. ಅದನ್ನು ಮರೆಯಲಾರೆ. ‘ಬನ್ನಿ’ ಎಂಬ ಒಂದು ಮಾತನ್ನು ಅವರ ಬಾಯಿಂದ ಕೇಳಲಿಲ್ಲವೆಂಬುದನ್ನೂ ಮರೆಯಲಾರೆ.

ಆಮೇಲೊಂದು ಬೇಸಿಗೆಯಲ್ಲಿ ಗದಗಿಗೆ ಹೋದೆ. ತಮ್ಮನ ಮನೆಯವರೆಲ್ಲ “ಬರ್ರಿ, ಬರ್ರಿ” ಎನ್ನುತ್ತ ಬಾಗಿಲಿಗೇ ಬಂದರು. ಕಾಲಿಗೆ ನೀರು ಕೊಟ್ಟರು, ಚಹಾ ತಂದರು. ನಾನು ಚಹಾ ಮುಟ್ಟದೆ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ.

“ಏನ್ ಬೇಕಣ್ಣಾ?” ಎಂದ ತಮ್ಮ.

ಏನೂ ಬೇಡವೆಂದೆ. ಇಷ್ಟೊಂದು ಮಾತಾಡಿಯೂ ಒಂದು ತುಂಡು ಬೆಲ್ಲ ತಂದಿಡದ ತಾತ್ಸಾರವನ್ನು ಒಡಹುಟ್ಟಿದವನಿಗೆ ಹೇಗೆ ವಿವರಿಸಲಿ?