ಮೀಟರಕ್ಕನ ಮುಖ

ರೈಲು ನಿಲ್ದಾಣದ ಎದುರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವಳ ನಿಜವಾದ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೀಟರಕ್ಕ ಎಂದರೆ ಚಹಾ ಅಂಗಡಿಯವನೂ ಕೈ ತೋರಿಸುತ್ತಿದ್ದ. ಮೀಟರ್ ಹಾಕದೆ ಅವಳು ಗಾಡಿಯನ್ನು ಒಂದು ಗೇಣೂ ಮುಂದಕ್ಕೆ ಬಿಡುತ್ತಿರಲಿಲ್ಲ. ಒಡಹುಟ್ಟಿದ ತಂಗಿಯನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗಲೂ ಹಾಕಿದ್ದಳಂತೆ. ಇದೇನಕ್ಕ ಎಂದು ತಂಗಿ ಕೆನ್ನೆ ಹಿಡಿದುಕೊಂಡೇ ಕೇಳಿದ್ದಕ್ಕೆ, ಕೈಗೆ ಅಭ್ಯಾಸ ತಪ್ಪಬಾರದು, ನೀನು ಸುಮ್ಮನೆ ಕೂತುಕೋ ಎಂದಳಂತೆ.

ನಾನು ವಾರಕ್ಕೆ ಎರಡು ಸಲ ಅವಳ ಗಾಡಿ ಹತ್ತುತ್ತಿದ್ದೆ. ಇಲ್ಲಿ ಬರೆದಿರುವುದರಲ್ಲಿ ಅರ್ಧ ಅವಳೇ ಹೇಳಿದ್ದು, ಉಳಿದದ್ದು ತಂಗಿ ಹೇಳಿದ್ದು.

ಅವಳಿಗೆ ಆಗ ಐವತ್ತೆರಡು. ಇಪ್ಪತ್ತಮೂರು ವರ್ಷ ಸ್ಟಿಯರಿಂಗ್ ಹಿಡಿದಿದ್ದಳು, ಅದರಲ್ಲಿ ಹತ್ತು ವರ್ಷ ಹೊರದೇಶಗಳಲ್ಲಿ. ಮೊದಲನೆಯದು ಮರಳುಗಾಡಿನ ದೇಶ. ಅಲ್ಲಿ ಹೆಂಗಸರಿಗೆಂದೇ ಬೇರೆ ಟ್ಯಾಕ್ಸಿಗಳು, ನೆತ್ತಿಗೆ ಗುಲಾಬಿ ಬಣ್ಣ, ಓಡಿಸುವವರೂ ಹೆಂಗಸರೇ. ಎಂಟು ಮಂಚಗಳ ಕೋಣೆಯಲ್ಲಿ ಆರು ವರ್ಷ ಕಳೆದಳು. ಮೀಟರಿಗೆ ಸೀಸದ ಮುದ್ರೆ ಇರುತ್ತಿತ್ತು, ಅದನ್ನು ಮುಟ್ಟಿದರೆ ಮಾರನೆಯ ದಿನ ಪೆಟ್ಟಿಗೆ ಕಟ್ಟಬೇಕು. ಬೆಳಗಿನ ಪಾಳಿಗೆ ಮುಂಚೆ ಡಿಪೋದ ಮೇಲ್ವಿಚಾರಕಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಖವನ್ನೂ ನೋಡಿ ಕೀಲಿ ಕೊಡುತ್ತಿದ್ದಳು. ಕಣ್ಣು ಕೆಂಪಗಿದ್ದರೆ ಕೀಲಿ ಇಲ್ಲ, ಹೋಗಿ ಮಲಗು ಎಂದು ಅಟ್ಟುತ್ತಿದ್ದಳು. ಊರಿನಲ್ಲಿ ತಾಯಿ ತೀರಿಕೊಂಡ ಸುದ್ದಿ ಬಂದ ಮಾರನೆಯ ಬೆಳಿಗ್ಗೆ ಮೀಟರಕ್ಕ ಮುಖ ತೊಳೆದುಕೊಂಡು, ಯಾರಿಗೂ ಏನೂ ಹೇಳದೆ ಸಾಲಿನಲ್ಲಿ ನಿಂತಿದ್ದಳು. ಮೇಲ್ವಿಚಾರಕಿ ಒಂದು ಗಳಿಗೆ ನೋಡಿ, ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಂಡು, ಅವಳನ್ನು ಒಳಗೆ ಕರೆದು ಕೂರಿಸಿ ನೀರು ಕೊಟ್ಟಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲ.

ಎರಡನೆಯದು ಬಂದರಿನ ದೇಶ. ಅಲ್ಲಿ ಮೀಟರು ಇತ್ತು, ಆದರೆ ಅದರ ಮೇಲೆ ಟವೆಲ್ ಹೊದಿಸಿರುತ್ತಿದ್ದರು. ಬಾಯಿಗೆ ಬಂದದ್ದೇ ದರ. ಪ್ರಯಾಣಿಕ ಒಂದು ಹೇಳಬೇಕು, ಡ್ರೈವರ್ ಎದೆ ಹಿಡಿದುಕೊಳ್ಳಬೇಕು, ಪ್ರಯಾಣಿಕ ಹೊರಟುಹೋಗುವಂತೆ ನಾಲ್ಕು ಹೆಜ್ಜೆ ಇಡಬೇಕು, ಇವನು ಹಾರ್ನ್ ಹೊಡೆದು ಕರೆಯಬೇಕು. ಆ ನಾಟಕ ಅವಳಿಗೆ ಒಗ್ಗಲಿಲ್ಲ. ಟವೆಲ್ ತೆಗೆದು ಮೀಟರ್ ಹಾಕಿದಳು, ಅಲ್ಲಿನ ಡ್ರೈವರುಗಳು ಅವಳ ಜೊತೆ ಮಾತು ಬಿಟ್ಟರು. ಜಪ್ಪಯ್ಯ ಎಂದರೂ ಅವಳು ಟವೆಲ್ ವಾಪಸು ಹೊದಿಸಲಿಲ್ಲ. ಫೋನಿನಲ್ಲಿ ಗಾಡಿ ಕರೆಯುವ ಆಪ್ ಅವಳು ಮೊದಲು ಕಂಡದ್ದೂ ಅಲ್ಲೇ. ಬೈಕಿನವರು, ಕಾರಿನವರು ಎಲ್ಲ ಫೋನು ಸಿಕ್ಕಿಸಿಕೊಂಡು ಓಡಾಡತೊಡಗಿದರು. ಅವಳಿಗೆ ಅದು ಹಿಡಿಸಿತು. ಹತ್ತುವ ಮೊದಲೇ ದರ ಗೊತ್ತು, ಎದೆ ಹಿಡಿದುಕೊಳ್ಳುವ ಕೆಲಸವಿಲ್ಲ, ಒಂಟಿ ಹೆಂಗಸು ಯಾವ ರಸ್ತೆಯಲ್ಲಿ ಹೋಗುತ್ತಿದ್ದಾಳೆಂದು ಮನೆಯವರಿಗೆ ಕಾಣುತ್ತದೆ.

ಇನ್ನೊಂದು ದೇಶದಲ್ಲಿ ಅವಳು ಓಡಿಸಿದ್ದಲ್ಲ, ಕೂತದ್ದು. ಆಗ ಕೆಲಸಕ್ಕಿದ್ದ ಟ್ರಾವೆಲ್ಸಿನವರು ಪ್ರವಾಸಿಗಳ ಜೊತೆ ಅವಳನ್ನು ಪೂರ್ವದ ದ್ವೀಪ ದೇಶವೊಂದಕ್ಕೆ ಒಂದು ವಾರ ಕಳಿಸಿದ್ದರು. ಅಲ್ಲಿ ಟ್ಯಾಕ್ಸಿಯ ಹಿಂದಿನ ಬಾಗಿಲು ತಾನಾಗಿ ತೆರೆಯಿತು. ಇವಳು ಅಭ್ಯಾಸಬಲದಿಂದ ಹಿಡಿಗೆ ಕೈ ಹಾಕಿದರೆ, ಎಪ್ಪತ್ತು ದಾಟಿದ ಡ್ರೈವರ್ ಬಿಳಿ ಗವಸಿನ ಕೈ ಎತ್ತಿ ಬೇಡ ಎಂದನಂತೆ. ಇಳಿಯುವಾಗ ಕೊನೆಯ ಚಿಲ್ಲರೆಯನ್ನೂ ತಟ್ಟೆಯಲ್ಲಿಟ್ಟು ಕೊಟ್ಟ. "ಅವನು ಕೂತ ಠೀವಿ ನೋಡಬೇಕಿತ್ತು, ವಿಮಾನ ಓಡಿಸೋನ ಥರ" ಎಂದು ಅವಳು ನನಗೆ ಕನಿಷ್ಠ ಹತ್ತು ಸಲ ಹೇಳಿದ್ದಾಳೆ. ಊರಿಗೆ ಮರಳಿ ಸ್ವಂತ ಗಾಡಿ ಕೊಂಡಾಗ ಸೀಟುಗಳಿಗೆ ಬಿಳಿ ಹೊದಿಕೆ ಹಾಕಿಸಿದ್ದು ಆ ಮುದುಕನ ಪ್ರಭಾವ. ಹೊದಿಕೆ ಹೊಲಿದವಳು ತಂಗಿ. ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಇಬ್ಬರೇ ಇದ್ದರು. ತಂಗಿ ಆಸ್ಪತ್ರೆಗಳಿಗೆ ಸಮವಸ್ತ್ರ, ಪರದೆ ಹೊಲಿಯುತ್ತಿದ್ದಳು.

ಊರಿಗೂ ಆಪ್ ಬಂತು. ಸ್ಟ್ಯಾಂಡಿನವರು ಮೂಗು ಮುರಿದರು, ಮೀಟರಕ್ಕ ಮೊದಲ ತಿಂಗಳೇ ಸೇರಿದಳು. ಸ್ಟ್ಯಾಂಡಿಗೆ ಬಂದು ಗಾಡಿ ಕೇಳುವವರು ಕಡಿಮೆಯಾದಂತೆ ಉಳಿದವರೂ ಸೇರಿದರು. ಏಳು ವರ್ಷ ಒಂದೇ ಒಂದು ದೂರು ಬರಲಿಲ್ಲ. ಆಮೇಲೆ ಕಂಪನಿಯವರು ಹೊಸ ನಿಯಮ ತಂದರು. ದಿನಾ ಬೆಳಿಗ್ಗೆ ಡ್ಯೂಟಿ ಶುರು ಮಾಡುವ ಮೊದಲು ಫೋನಿನ ಮುಂದೆ ಮುಖ ಹಿಡಿಯಬೇಕು. ಹಳೆಯ ಫೋಟೋಗೆ ಹೊಂದಿದರೆ ಹಸಿರು ಗುರುತು, ಗಾಡಿ ಹೊರಡಬಹುದು. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಓಡಿಸಬಾರದು ಎಂದು ಮಾಡಿದ್ದು. ಒಳ್ಳೆಯದೇ ಎಂದುಕೊಂಡಳು ಮೀಟರಕ್ಕ.

ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬಾಯಿಗೆ ಹಾಕಿಕೊಂಡ ನೀರು ತಾನಾಗಿ ಬಲಗಡೆಯಿಂದ ಸೋರಿತು. ಕನ್ನಡಿ ನೋಡಿದರೆ ಮುಖದ ಬಲಭಾಗ ಜೋತುಬಿದ್ದಿತ್ತು, ಕಣ್ಣು ಮುಚ್ಚಲು ಹೋದರೆ ಮುಚ್ಚುತ್ತಿರಲಿಲ್ಲ. ತಂಗಿ ಆಗಲೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಇದು ಮಿದುಳಿನದಲ್ಲ, ಮುಖದ ನರ ಊದಿಕೊಂಡಿದೆ, ನಿಧಾನವಾಗಿ ಸರಿಹೋಗುತ್ತದೆ, ಆದರೆ ಕಣ್ಣು ಸರಿಯಾಗಿ ಮುಚ್ಚುವವರೆಗೆ ಗಾಡಿ ಮುಟ್ಟಬೇಡಿ ಎಂದರು. ಅವಳು ಮುಟ್ಟಲಿಲ್ಲ. ಕಣ್ಣಿಗೆ ಪಟ್ಟಿ ಅಂಟಿಸಿಕೊಂಡು ಏಳು ವಾರ ಮನೆಯಲ್ಲೇ ಕೂತು ತಂಗಿಗೆ ಗುಂಡಿ ಹಚ್ಚಿಕೊಟ್ಟಳು. ಎಂಟನೆಯ ವಾರ ಡಾಕ್ಟರು ದೃಷ್ಟಿ ಪರೀಕ್ಷೆ ಮಾಡಿಸಿ, ಓಡಿಸಲು ಅಡ್ಡಿಯಿಲ್ಲ ಎಂದು ಬರೆದುಕೊಟ್ಟರು. ಕಣ್ಣು ಸರಿಹೋಗಿತ್ತು. ಬಾಯಿ ಮಾತ್ರ ಒಂದು ಕಡೆಗೆ ವಾಲಿಯೇ ಇತ್ತು.

ಮಾರನೆಯ ಬೆಳಿಗ್ಗೆ ಗಾಡಿ ತೊಳೆದು, ಮೇಲೆ ಬಂದು ಫೋನಿನ ಮುಂದೆ ಮುಖ ಹಿಡಿದಳು. ಮುಖ ಹೊಂದುತ್ತಿಲ್ಲ ಎಂದು ಬಂತು. ಕಿಟಕಿಯ ಬೆಳಕಿಗೆ ಹೋಗಿ ಇನ್ನೊಂದು ಸಲ ಹಿಡಿದಳು. ಹೊಂದುತ್ತಿಲ್ಲ. ನೀವು ಖಾತೆಯ ಮಾಲೀಕರಲ್ಲದಿದ್ದರೆ ಇದು ವಂಚನೆ, ಇನ್ನು ಒಂದೇ ಅವಕಾಶ ಎಂಬ ಕೆಂಪು ಅಕ್ಷರಗಳು ಬಂದವು. ಅಕ್ಕನಿಗಿಂತ ಎರಡು ವರ್ಷ ಚಿಕ್ಕವಳಾದ ತಂಗಿ, ಹೊಲಿಗೆ ಬಿಟ್ಟು ಎದ್ದು ಬಂದು, ಕೊಡಿಲ್ಲಿ ನೋಡೋಣ ಎಂದು ತಮಾಷೆಗೆ ಫೋನು ತನ್ನ ಮುಖದ ಮುಂದೆ ಹಿಡಿದಳು.

ಹಸಿರು ಗುರುತು ಬಂತು. ಸ್ವಾಗತ, ಶುಭದಿನ ಎಂದಿತು ಫೋನು.

ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಚಿಕ್ಕಂದಿನಿಂದಲೂ ಜನ ಅವರಿಬ್ಬರನ್ನು ಅವಳಿಜವಳಿ ಎನ್ನುತ್ತಿದ್ದರು. ಆದರೆ ಅಕ್ಕ ನಗಲಿಲ್ಲ.

"ತೆರೀತಲ್ಲ ಅಕ್ಕ," ಎಂದಳು ತಂಗಿ. "ದಿನಾ ಬೆಳಿಗ್ಗೆ ನಾನು ಮುಖ ತೋರಿಸ್ತೀನಿ, ನೀನು ಹೋಗಿ ಬಾ. ಬಾಯಿ ಸರಿಹೋಗೋ ತನಕ ಅಷ್ಟೇ."

"ಗೇರು ಯಾವ ಕೈಲಿ ಹಾಕ್ತಾರೆ ಅಂತ ನಿನಗೆ ಗೊತ್ತಿಲ್ಲ, ನೀನು ಡ್ರೈವರಂತೆ. ಇಪ್ಪತ್ತಮೂರು ವರ್ಷ ಓಡಿಸಿದ ನಾನು ಕಳ್ಳಿಯಂತೆ," ಎಂದಳು ಮೀಟರಕ್ಕ. "ನಡಿ, ಚಪ್ಪಲಿ ಹಾಕ್ಕೋ. ಇದನ್ನ ಅವರಿಗೆ ತೋರಿಸಿ ಬರೋಣ."

ಅವರು ಗಾಡಿಯಲ್ಲಿ ಹೋಗಲಿಲ್ಲ, ಬಸ್ಸಿನಲ್ಲಿ ಹೋದರು. ತಂಗಿಯ ಮುಖದಿಂದ ತೆರೆದ ಡ್ಯೂಟಿಯಲ್ಲಿ ಗಾಡಿ ತೆಗೆಯಲು ಅವಳು ಒಪ್ಪಲಿಲ್ಲ.

ಕಂಪನಿಯ ಕಚೇರಿ ಗಾಜಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿತ್ತು. ನೆಲಕ್ಕೆ ಬಿಗಿದ ಕಬ್ಬಿಣದ ಕುರ್ಚಿಗಳು, ಟೋಕನ್ ಕೊಡುವ ಯಂತ್ರ, ದೂರನ್ನು ಆಪ್‌ನಲ್ಲೇ ದಾಖಲಿಸಿ ಎಂಬ ಫಲಕ. ಎರಡು ಗಂಟೆ ಕಾದ ಮೇಲೆ ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡ ಅಧಿಕಾರಿಯೊಬ್ಬ ಸಿಕ್ಕಿದ. ಅವನು ಕಂಪ್ಯೂಟರ್ ನೋಡಿ, ಖಾತೆ ಚಾಲೂ ಇದೆಯಲ್ಲ ಮೇಡಂ, ಸಮಸ್ಯೆ ಏನು ಎಂದ. ಮೀಟರಕ್ಕ ಅವನ ಎದುರಿನಲ್ಲೇ ಫೋನಿನಲ್ಲಿ ಡ್ಯೂಟಿ ಮುಗಿಸಿ, ಮತ್ತೆ ತೆರೆಯಲು ತನ್ನ ಮುಖ ಹಿಡಿದಳು. ಕೆಂಪು. ತಂಗಿಯ ಮುಖ ಹಿಡಿಸಿದಳು. ಹಸಿರು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡ. ಆಮೇಲೆ ಸ್ವರ ಬದಲಾಯಿಸಿ, ಬೇರೆಯವರಿಂದ ಖಾತೆ ತೆರೆಸುವುದು ನಿಯಮದ ಉಲ್ಲಂಘನೆ, ಇದಕ್ಕೆ ಶಾಶ್ವತವಾಗಿ ಮುಚ್ಚಬಹುದು ಎಂದು ಹೆದರಿಸಿದ.

"ಮುಚ್ಚಿ," ಎಂದಳು ಅವಳು. "ಯಾಕೆ ಮುಚ್ಚಿದ್ವಿ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಲೈಸೆನ್ಸೇ ಇಲ್ಲದವಳನ್ನ ನಿಮ್ಮ ಮಿಷನ್ನು ಡ್ರೈವರ್ ಅಂತ ಒಪ್ಪಿಕೊಂಡಿತು, ಅದನ್ನೂ ಬರೀರಿ."

ಅವನು ಬರೆಯಲಿಲ್ಲ. ಅಂದೇ ಖಾತೆಗೆ ಬೀಗ ಬಿತ್ತು. ಮಾರನೆಯ ದಿನ ಕಚೇರಿ ತೆರೆಯುವ ಹೊತ್ತಿಗೆ ಮೀಟರಕ್ಕ ಲೈಸೆನ್ಸು, ಡಾಕ್ಟರ ಪತ್ರ, ನೀರಿನ ಬಾಟಲಿ ಇಟ್ಟುಕೊಂಡು ಮೊದಲ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಐದು ಗಂಟೆಗೆ ಬಾಗಿಲು ಹಾಕುವಾಗ ಎದ್ದಳು. ಅದರ ಮಾರನೆಯ ದಿನವೂ ಬಂದಳು. ಕೂಗಾಡಲಿಲ್ಲ, ಟೋಕನ್ ತೆಗೆದುಕೊಂಡು, ಕರೆದಾಗ ಹೋಗಿ ಬರೆದು ಕೊಡಿ ಎಂದು ಕೇಳಿ, ವಾಪಸು ಬಂದು ಕೂರುತ್ತಿದ್ದಳು.

ಕೂತಲ್ಲೇ ಅವಳಿಗೆ ತನ್ನಂಥವರು ಸಿಕ್ಕಿದರು. ಮೊದಲು ಸಿಕ್ಕಿದವನು ಅವಳದೇ ಸ್ಟ್ಯಾಂಡಿನ ಗಡ್ಡದಣ್ಣ. ಮೊಳದುದ್ದ ಗಡ್ಡ ಬಿಟ್ಟವನು ಚರ್ಮದ ತುರಿಕೆ ಬಂದು ನುಣ್ಣಗೆ ಬೋಳಿಸಿಕೊಂಡಿದ್ದ. ಪಕ್ಕದಲ್ಲಿ ಬಂದು ಕೂತರೆ ಮೀಟರಕ್ಕನಿಗೇ ಗುರುತು ಸಿಗಲಿಲ್ಲ. ನನ್ನ ಹೆಂಡತಿಯೇ ಎರಡು ದಿನ ಅತಿಥಿ ಥರ ನೋಡಿದಳು, ಮಿಷನ್ನಿಗೆ ಏನು ಹೇಳೋದು ಎಂದ ಅವನು. ಇನ್ನೊಬ್ಬನಿಗೆ ರೇಡಿಯೇಟರಿನ ಬಿಸಿನೀರು ಸಿಡಿದು ಕೆನ್ನೆ ಸುಟ್ಟಿತ್ತು. ಕಾಯಿಲೆಯ ಚಿಕಿತ್ಸೆಯಲ್ಲಿ ಕೂದಲು, ಹುಬ್ಬು ಎರಡೂ ಉದುರಿದ ಹೆಂಗಸೊಬ್ಬಳು ಬಂದಳು. ಎಲ್ಲರಿಗೂ ವಂಚನೆ ಎಂಬ ಅದೇ ಕೆಂಪು ಅಕ್ಷರ. ಮೀಟರಕ್ಕ ಒಂದು ನೋಟ್ ಪುಸ್ತಕ ತಂದು ಪ್ರತಿಯೊಬ್ಬರ ಲೈಸೆನ್ಸ್ ಸಂಖ್ಯೆ, ಮುಖ ಯಾಕೆ ಬದಲಾಯಿತು, ಯಾವ ದಿನ ಬೀಗ ಬಿತ್ತು ಎಂದು ಬರೆಸಿದಳು. ವಾರದೊಳಗೆ ಅವಳೂ ಸೇರಿ ಹದಿನಾಲ್ಕು ಜನ ಆದರು.

ಕಚೇರಿಯವರು ಸುಮ್ಮನಿರಲಿಲ್ಲ. ಹಳೆಯ ಖಾತೆ ಅಳಿಸಿ ಹೊಸದಾಗಿ ಸೇರಿ, ಹೊಸ ಡ್ರೈವರುಗಳ ತರಬೇತಿಗೆ ಬನ್ನಿ ಎಂದರು. ನಾನು ಹೊಸಬಳಲ್ಲ ಎಂದಳು. ಆರನೆಯ ದಿನ ಅದೇ ಅಧಿಕಾರಿ ಅವಳನ್ನು ಪಕ್ಕಕ್ಕೆ ಕರೆದು, ನಿಮ್ಮದೊಂದನ್ನು ಒಳಗಿಂದಲೇ ಸರಿಮಾಡಿಸುತ್ತೇನೆ, ಯಾರಿಗೂ ಹೇಳಬೇಡಿ, ನಾಳೆಯಿಂದಲೇ ಓಡಿಸಿ ಎಂದ. ಮನೆಯಲ್ಲಿ ಒಂಬತ್ತು ವಾರದಿಂದ ತಂಗಿಯ ಹೊಲಿಗೆಯೇ ಒಲೆ ಉರಿಸುತ್ತಿತ್ತು. ಆ ಮಾತು ಕೇಳಿದಾಗ ಒಂದು ಗಳಿಗೆ ಮನಸ್ಸು ಜಾರಿತು ಎಂದು ಅವಳೇ ನನಗೆ ಒಪ್ಪಿಕೊಂಡಿದ್ದಾಳೆ. ತಿರುಗಿ ನೋಡಿದರೆ ಹುಬ್ಬಿಲ್ಲದ ಆ ಹೆಂಗಸು ಇವಳ ನೋಟ್ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದಳು. ಮೀಟರಕ್ಕ ಹೋಗಿ ಅವಳ ಪಕ್ಕ ಕೂತಳು.

ಒಂಬತ್ತನೆಯ ದಿನ ಮುಖ್ಯ ಕಚೇರಿಯಿಂದ ಹಿರಿಯ ಅಧಿಕಾರಿಣಿ ಬಂದರು. ಲೈಸೆನ್ಸಿಲ್ಲದ ತಂಗಿಗೆ ಖಾತೆ ತೆರೆದುಕೊಂಡ ವಿಷಯ ಮೇಲಿನವರೆಗೆ ಹೋಗಿ ಅಲ್ಲಿ ನಿದ್ದೆ ಕೆಡಿಸಿತ್ತು. ಅವರು ಹದಿನಾಲ್ಕು ಜನರನ್ನೂ ಒಳಗೆ ಕರೆದು ಕೂರಿಸಿ, ಈ ವ್ಯವಸ್ಥೆ ಇಡೀ ಖಂಡದಲ್ಲಿ ನಡೆಯುತ್ತಿದೆ, ಎಲ್ಲೂ ಇಂಥ ತಕರಾರಿಲ್ಲ ಎಂದರು.

"ಆ ಖಂಡದಲ್ಲಿ ನಾನೂ ಓಡಿಸಿದ್ದೀನಿ ಮೇಡಂ," ಎಂದಳು ಮೀಟರಕ್ಕ. "ಮೀಟರಿಗೆ ಮುದ್ರೆ ಹಾಕೋ ಕಡೆ ಓಡಿಸಿದ್ದೀನಿ, ಟವೆಲ್ ಹಾಕೋ ಕಡೆ ಓಡಿಸಿದ್ದೀನಿ. ನಿಮ್ಮ ಆಪ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದು ಬಂದ್ಮೇಲೆ ಹೆಂಗಸರು ಧೈರ್ಯವಾಗಿ ಗಾಡಿ ಹತ್ತುತ್ತಾರೆ. ಆದ್ರೆ ಎಲ್ಲೇ ಆಗಲಿ, ಕೀಲಿ ಕಿತ್ಕೊಳ್ಳೋ ಮೊದಲು ಒಬ್ಬರು ಎದುರಿಗೆ ಬಂದು ನನ್ನ ಮುಖ ನೋಡ್ತಿದ್ರು."

"ನಿಮಗೆ ಏನು ಬೇಕು?"

"ಒಂದು ಮೇಜು, ಒಂದು ಕುರ್ಚಿ, ಆ ಕುರ್ಚೀಲಿ ಒಬ್ಬ ಮನುಷ್ಯ. ಮಿಷನ್ನಿಗೆ ಗುರುತು ಸಿಗದವರನ್ನ ಅವರು ನೋಡ್ಲಿ, ಲೈಸೆನ್ಸ್ ನೋಡ್ಲಿ, ಅವತ್ತೇ ಹೌದು ಅಲ್ಲ ಅಂತ ಹೇಳ್ಲಿ. ಅಲ್ಲ ಅಂದ್ರೆ ಬರೆದು ಕೊಡ್ಲಿ."

ಅಧಿಕಾರಿಣಿ ನೋಡೋಣ ಎಂದರು. ನೋಡೋಣ ಎಂದ ಬಹಳ ಜನರನ್ನು ಅವಳು ನೋಡಿದ್ದಳು. ಆದ್ದರಿಂದ ಹತ್ತನೆಯ ದಿನವೂ, ಹನ್ನೊಂದನೆಯ ದಿನವೂ ಉಳಿದ ಹದಿಮೂರು ಜನರೊಂದಿಗೆ ಬಂದು ಕೂತಳು. ಹನ್ನೆರಡನೆಯ ದಿನ ಟೋಕನ್ ಯಂತ್ರದ ಪಕ್ಕದಲ್ಲಿ ಮೇಜು ಬಂದಿತ್ತು. ಅದರ ಹಿಂದೆ ಗಟ್ಟಿ ಗಂಟಲಿನ, ನಡುವಯಸ್ಸಿನ ಗುಮಾಸ್ತೆಯೊಬ್ಬರು ಕೂತಿದ್ದರು. ಅವರು ಹುಬ್ಬಿಲ್ಲದ ಹೆಂಗಸಿನ ಲೈಸೆನ್ಸನ್ನೂ ಮುಖವನ್ನೂ ನೋಡಿ, ಕಿವಿಯ ಹತ್ತಿರದ ಮಚ್ಚೆ ಗುರುತಿಸಿ, ಇವರೇ ಎಂದು ಕಂಪ್ಯೂಟರಿನಲ್ಲಿ ಒತ್ತಿದರು. ಗಡ್ಡದಣ್ಣನನ್ನು ಮಾತ್ರ ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಮೀಟರಕ್ಕನ ಸರದಿ ಕೊನೆಗೆ ಬಂತು, ಅವಳೇ ಹಾಗೆ ಮಾಡಿಕೊಂಡಿದ್ದಳು. ಹೊಸ ಫೋಟೋ ತೆಗೆಯುವಾಗ ಬಾಯಿ ನೇರ ಮಾಡಿ ಎಂದು ಬಾಯಿತಪ್ಪಿ ಹೇಳಿದ ಗುಮಾಸ್ತೆ ನಾಲಿಗೆ ಕಚ್ಚಿಕೊಂಡರು.

"ನನಗೆ ಇದೇ ನೇರ, ತೆಗೀರಿ," ಎಂದಳು ಅವಳು.

ಅವಳು ಮತ್ತೆ ರಸ್ತೆಗೆ ಇಳಿದಳು. ಫೋಟೋ ನೋಡಿ ಕೆಲವರು ಗಾಡಿ ರದ್ದು ಮಾಡುತ್ತಿದ್ದರು. ರದ್ದಾದ ಸದ್ದು ಬಂದರೆ ಅವಳು ಪಕ್ಕಕ್ಕೆ ನಿಲ್ಲಿಸಿ ಗಾಜು ಒರೆಸುತ್ತಿದ್ದಳು, ಐದು ನಿಮಿಷದಲ್ಲಿ ಇನ್ನೊಬ್ಬರು ಕರೆಯುತ್ತಿದ್ದರು. ಮೂರು ತಿಂಗಳಲ್ಲಿ ಬಾಯಿ ಮುಕ್ಕಾಲು ಪಾಲು ಸರಿಹೋಯಿತು, ಉಳಿದ ಕಾಲು ಪಾಲು ಹಾಗೇ ಉಳಿಯಿತು.

ಇದೆಲ್ಲ ತಣ್ಣಗಾದ ಮೇಲೆ ಕಂಪನಿಯವರು ಒಂದು ದಿನ ಕ್ಯಾಮೆರಾದವನ ಜೊತೆ ಸ್ಟ್ಯಾಂಡಿಗೆ ಬಂದರು. ನಮ್ಮ ಧೀರ ಚಾಲಕಿ ಎಂದು ಅವಳ ದೊಡ್ಡ ಚಿತ್ರ ಮಾಡಿ ಊರೆಲ್ಲ ಹಾಕುತ್ತೇವೆ, ಗಾಡಿಗೆ ಒರಗಿ ನಿಂತುಕೊಳ್ಳಿ ಎಂದರು. ನಾನು ಆಗ ಹಿಂದಿನ ಸೀಟಿನಲ್ಲಿ ಕೂತಿದ್ದೆ, ಅವಳು ಸ್ಟಿಯರಿಂಗ್ ಹಿಡಿದಾಗಿತ್ತು, ಕ್ಯಾಮೆರಾದವನು ಬಾಗಿಲಿಗೆ ಕೈಯೂರಿ ಒರಗಿದ್ದ.

"ಗೋಡೆಗೆ ಹಾಕೋಕೆ ನನ್ನ ಮುಖ ಚೆನ್ನಾಗಿದೆ, ಡ್ಯೂಟಿಗೆ ಮಾತ್ರ ಚೆನ್ನಾಗಿರಲಿಲ್ಲ ಅಲ್ವಾ," ಎಂದಳು ಮೀಟರಕ್ಕ. "ಒರಗಬೇಡಿ, ಈಗ ತಾನೆ ತೊಳೆದಿದ್ದೀನಿ."

ಕ್ಯಾಮೆರಾದವನು ಬಾಗಿಲಿನಿಂದ ಕೈ ತೆಗೆದ. ಅವಳು ಕನ್ನಡಿ ಸರಿಮಾಡಿಕೊಂಡು, ಬೆಲ್ಟ್ ಹಾಕಿಕೊಳ್ಳಿ ಎಂದು ನನಗೆ ಹೇಳಿ, ಗೇರು ಹಾಕಿದಳು.